ಕಂಡದ್ದು, ಕೇಳಿದ್ದು

ಹೋದ ವಾರ ಹಾನಗಲ್ಲಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬೆಳಗಿನ ಬಸ್ಸಿನಲ್ಲಿ ಶಿಕಾರಿಪುರಕ್ಕೆ ವಾಪಸು ಬರುತ್ತಿದ್ದೆ. ಆನವಟ್ಟಿ ದಾಟಿದ್ದೇ ಬಸ್ಸು ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಹಿಂದಿನ ದಿನದ ಅಕಾಲದ ಮಳೆಗೆ ಜೋಳ ನೆನೆದಿತ್ತೆಂದು ಕಾಣುತ್ತದೆ, ಬಿಸಿಲು ಬಿದ್ದ ಕೂಡಲೇ ಅದರಿಂದ ಒಂದು ಬಗೆಯ ಹುಳಿ ವಾಸನೆ ಏಳುತ್ತಿತ್ತು. ನಾನು ಸೆರಗು ಮೂಗಿಗೆ ಒತ್ತಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕ್ರಿ, ವಾಂತಿ ಬಂದಂಗಾಗ್ತೈತೇನ್ರಿ? ಈ ಕಡೆ ಬರ್ರಿ, ಕಿಟಕಿ ಹತ್ರ" ಎಂದು ತನ್ನ ಜಾಗ ಬಿಟ್ಟುಕೊಟ್ಟಳು. ವಾಂತಿ ಅಲ್ಲಮ್ಮಾ ಎಂದು ಅವಳಿಗೆ ಹೇಗೆ ಬಿಡಿಸಿ ಹೇಳುವುದು. ಆ ವಾಸನೆ ನನ್ನ ಪಾಲಿಗೆ ಒಂದು ವರ್ಷದ ವಾಸನೆ. ಸುಮ್ಮನೆ ಕಿಟಕಿಯ ಪಕ್ಕಕ್ಕೆ ಸರಿದೆ.

ಆ ವರ್ಷ ನಾನು ಇದೇ ರಸ್ತೆಯ ಮೇಲಿನ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಅದರಲ್ಲಿ ನನ್ನ ಜೀವ ಇದ್ದದ್ದು ಇತಿಹಾಸದಲ್ಲಿ. ಮಕ್ಕಳ ಜೀವ ಮಾತ್ರ ಅದರಲ್ಲಿ ಇರಲಿಲ್ಲ. ನಾನು ರಾಜವಂಶಗಳ ಹೆಸರು ಹೇಳುವಾಗ ಅವರು ಕಿಟಕಿಯಾಚೆ ಹೋಗುವ ಟ್ರ್ಯಾಕ್ಟರು ಯಾರದು ಎಂದು ಸದ್ದಿನ ಮೇಲೇ ಗುರುತಿಸುತ್ತಿದ್ದರು. ಒಂದು ದಿನ ಪ್ರಜ್ವಲ ಎಂಬ ಹುಡುಗ ಎದ್ದು ನಿಂತು, "ಅಕ್ಕೋರೆ, ಸತ್ತೋರ ಸುದ್ದಿ ನಮಗ್ಯಾಕ್ರಿ?" ಎಂದು ಕೇಳಿಯೇಬಿಟ್ಟ. ಆ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವನು ಕೇಳಿದ ರೀತಿಯಲ್ಲಿ ಅಧಿಕಪ್ರಸಂಗ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ. ಹಾಗಾಗಿ ಸಿಟ್ಟು ನುಂಗಿಕೊಂಡು, "ಹಾಗಾದ್ರೆ ಬದುಕಿರೋರ ಸುದ್ದಿ ತಗೊಂಡ್ ಬಾ ನಾಳೆ" ಎಂದೆ.

ಮರುದಿನ ಶಾಲೆಯ ಜಗಲಿಯಲ್ಲಿ ಮೂಲೆ ಹಿಡಿದಿದ್ದ ಹಳೆಯ ಕಪ್ಪು ಹಲಗೆಯನ್ನು ತೊಳೆಸಿ ಗೋಡೆಗೆ ತೂಗುಹಾಕಿಸಿದೆ. ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು ಎಂದು ಬರೆದೆ. ಶಾಲೆಗೆ ಬರುವವರು ಊರಿನ ಸುದ್ದಿಯೊಂದನ್ನು ಬರೆದು ಒಳಗೆ ಬರಬೇಕು. ಸ್ವಂತ ಕಣ್ಣಿನಿಂದ ನೋಡಿದ್ದಾದರೆ ಎಡಕ್ಕೆ. ಯಾರೋ ಹೇಳಿದ್ದಾದರೆ ಬಲಕ್ಕೆ, ಜೊತೆಗೆ ಹೇಳಿದವರ ಹೆಸರು. ಇತಿಹಾಸ ಅಂದರೆ ಇಷ್ಟೇ ಕಣ್ರೋ, ಯಾರು ಕಂಡರು, ಯಾರು ಕೇಳಿದರು ಎಂದು ವಿಚಾರಿಸುವುದು ಎಂದು ಹೇಳಿದೆ. ಈ ಉಪಾಯ ಎರಡು ದಿನ ನಡೆದರೆ ಹೆಚ್ಚು ಎಂದು ಹೆಡ್ಮಾಸ್ಟರು ನಕ್ಕರು.

ಅದು ನಡೆಯಿತು, ಮತ್ತು ಅದನ್ನು ನಡೆಸಿದವಳು ಭೂಮಿಕಾ. ಏಳನೇ ತರಗತಿಯ ಹುಡುಗಿ, ಎರಡು ಜಡೆ, ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಕಲೆ. ಯಾರೂ ನೇಮಿಸದೆಯೇ ಆ ಹಲಗೆಗೆ ಅವಳು ಯಜಮಾನಿಯಾದಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಿಂದಿನ ದಿನದ್ದನ್ನು ಒರೆಸುವುದು, ಸೀಮೆಸುಣ್ಣ ಹಂಚುವುದು, ಸುಳ್ಳು ಹಿಡಿಯುವುದು ಎಲ್ಲ ಅವಳೇ. ನಮ್ಮ ಎಮ್ಮೆ ಕರು ಹಾಕಿದೆ ಎಂದು ಯಾರಾದರೂ ಎಡಕ್ಕೆ ಬರೆದರೆ, "ಹಾಕುವಾಗ ನೀ ಅಲ್ಲಿದ್ಯಾ? ಎದ್ದ ಮ್ಯಾಲೆ ಕಂಡ್ಯಾ? ಹಂಗಾದ್ರೆ ಕರು ಕಂಡೆ ಅಂತ ಬರಿ" ಎನ್ನುತ್ತಿದ್ದಳು. ಆಷಾಢದ ಮಳೆಗೆ ಪ್ರಜ್ವಲ ಬಂದು ಅಂಜನಾಪುರದ ಡ್ಯಾಮು ಕೋಡಿ ಬಿದ್ದಿದೆ ಎಂದು ಎಡಕ್ಕೆ ಬರೆದ. ಭೂಮಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೀ ಯಾವಾಗ ಹೋಗಿದ್ದೆ ಅಂಜನಾಪುರಕ್ಕೆ?"

"ಮೊಬೈಲ್ನಾಗೆ ಕಂಡೆ. ವಿಡಿಯೋ ಬಂದೈತಿ."

"ವಿಡಿಯೋ ತಗ್ದೋನು ಕಂಡಾನೆ. ನೀ ಕಂಡಿಲ್ಲ. ಈ ವರ್ಷದ್ದೋ ಹೋದ ವರ್ಷದ್ದೋ ಯಾರಿಗೊತ್ತು? ಕೇಳಿದ್ರ ಕಡೆ ಬರಿ."

ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅಷ್ಟು ವರ್ಷ ಪಾಠ ಹೇಳಿದ್ದು ಸಾರ್ಥಕವಾಯಿತು ಅನಿಸಿತು. ಅವತ್ತು ಸಂಜೆ ಬಸ್ಸಿನಲ್ಲಿ ಶಿಕಾರಿಪುರದವರೆಗೂ ನನ್ನಷ್ಟಕ್ಕೆ ನಗುತ್ತ ಹೋದೆ.

ಶ್ರಾವಣದಲ್ಲಿ ಮಳೆ ಹೊಳವಾದ ಒಂದು ದಿನ ಮಕ್ಕಳನ್ನು ಕೆರೆಯ ಏರಿಯ ಮೇಲಿನ ವೀರಗಲ್ಲಿಗೆ ಕರೆದುಕೊಂಡು ಹೋದೆ. ನಮ್ಮ ಶಿಕಾರಿಪುರ, ಸೊರಬದ ಕಡೆ ವೀರಗಲ್ಲಿಲ್ಲದ ಊರು ಕಡಿಮೆ. ಜನ ಅದಕ್ಕೆ ಒರಗಿ ಬೀಡಿ ಸೇದುತ್ತಾರೆ, ಅಷ್ಟೇ. ಕೆಳಗಿನ ಪಟ್ಟಿಯಲ್ಲಿ ದನಗಳ ಗುಂಪು, ಅದಕ್ಕೆ ಅಡ್ಡ ನಿಂತು ಬಿಲ್ಲು ಹಿಡಿದ ಒಬ್ಬ ಗಂಡಸು. ನಡುವಿನ ಪಟ್ಟಿಯಲ್ಲಿ ಅವನನ್ನು ಎರಡೂ ಕಡೆ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುವ ಹೆಂಗಸರು. ಮೇಲೆ ಲಿಂಗ, ಅದರ ಮುಂದೆ ಕೈಮುಗಿದು ಕೂತ ಅವನೇ. ತುದಿಯಲ್ಲಿ ಸೂರ್ಯ, ಚಂದ್ರ. ಇವನು ರಾಜನಲ್ಲ, ನಿಮ್ಮ ಮನೆಯವರಂಥವನೇ, ಊರಿನ ದನ ಕಾಯಲು ಹೋಗಿ ಸತ್ತವನು ಎಂದು ವಿವರಿಸಿದೆ. ಮಕ್ಕಳು ಸುಮ್ಮನಾಗಿ ಕೇಳಿದರು. ಅಷ್ಟರಲ್ಲಿ ಪ್ರಜ್ವಲ, "ಅಕ್ಕೋರೆ, ಅಂವ ಮ್ಯಾಲೆ ಹೋಗಿದ್ದು ಯಾರು ಕಂಡ್ರು?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಭೂಮಿಕಾ ನಗಲಿಲ್ಲ. ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಪಟ್ಟಿಯ ಮೇಲೆ ಬೆರಳಾಡಿಸಿ ತೀರ್ಪು ಕೊಟ್ಟಳು. "ಕೆಳಗಿಂದು ಕಂಡದ್ದು. ಮ್ಯಾಲಿನ ಎರಡೂ ಕೇಳಿದ್ದು."

ಅವಳ ಅಪ್ಪ ಹಾಲೇಶಪ್ಪ ಜೋಳ ಒಕ್ಕುವ ಮಷಿನ್ನಿನ ಜೊತೆ ಹೋಗುವವನು. ಸುಗ್ಗಿ ಶುರುವಾದರೆ ಟ್ರ್ಯಾಕ್ಟರಿಗೆ ಮಷಿನ್ನು ಕಟ್ಟಿಕೊಂಡು ಹಾನಗಲ್ ಕಡೆಯ ಊರೂರು ತಿರುಗುವುದು, ಮಷಿನ್ನನ್ನು ಅಲ್ಲೇ ಬಿಟ್ಟು ವಾರಕ್ಕೊಮ್ಮೆ ಹತ್ತರ ಬಸ್ಸಿಗೆ ಮನೆಗೆ ಬರುವುದು. ಹತ್ತರ ಬಸ್ಸು ಎಂದು ಹೆಸರೇ ಹೊರತು ಅದು ಹತ್ತಕ್ಕೆ ಬಂದದ್ದನ್ನು ಯಾರೂ ಕಂಡಿಲ್ಲ. ಬಸ್ ಸ್ಟಾಪು ಶಾಲೆಯ ಎದುರಿಗೇ. ಅವನು ಇಳಿದವನು ಮನೆಗೆ ಹೋಗದೆ ಮೊದಲು ಶಾಲೆಯ ಗೇಟಿಗೆ ಬಂದು, ತಲೆಗೂದಲಲ್ಲಿ ಜೋಳದ ಹೊಟ್ಟು ಹಾಗೇ ಇರುವಂತೆ ನಿಂತು, ಮಗಳ ಕೈಗೆ ಮಂಡಕ್ಕಿ ಮಿರ್ಚಿಯ ಪೊಟ್ಟಣ ಕೊಟ್ಟು ಹೋಗುತ್ತಿದ್ದ. ನನ್ನನ್ನು ಕಂಡರೆ ಟವೆಲು ಹೆಗಲಿಂದ ತೆಗೆದು, "ನಮ್ಮ ಹುಡುಗಿ ಮನೇಲಿ ನನ್ನೂ ಬಿಡಂಗಿಲ್ರಿ ಅಕ್ಕೋರೆ. ಏನು ಹೇಳಿದ್ರೂ ನೀ ಕಂಡ್ಯಾ ಅಂತ ಕೇಳ್ತಾಳೆ" ಎನ್ನುತ್ತಿದ್ದ. ದೂರು ಹೇಳುವವನ ಹಾಗೆ ಮಾತಾಡುತ್ತಿದ್ದ, ಮುಖದ ತುಂಬ ಹೆಮ್ಮೆ.

ದೀಪಾವಳಿ ಕಳೆದಿತ್ತು. ಹಿಂದಿನ ದಿನ ಮಳೆ ಬಂದು ರಸ್ತೆಯ ಮೇಲಿನ ಜೋಳವೆಲ್ಲ ನೆನೆದಿತ್ತು. ನಾನು ಶಿಕಾರಿಪುರದ ಬಸ್ಸಿನಿಂದ ಇಳಿದು ಗೇಟು ದಾಟಿದರೆ ಜಗಲಿಯಲ್ಲಿ ಮಕ್ಕಳೆಲ್ಲ ಹಲಗೆಯ ಮುಂದೆ ನಿಂತಿದ್ದಾರೆ. ಬಲಗಡೆ ಪ್ರಜ್ವಲನ ದೊಡ್ಡ ಅಕ್ಷರ. ಹಾಲೇಶಪ್ಪ ಮಾವ ತೀರಿಕೊಂಡರು. ಹೇಳಿದವರು, ನಮ್ಮ ಅಪ್ಪ, ಫೋನಿನಲ್ಲಿ. ಭೂಮಿಕಾ ಒರೆಸುವ ಬಟ್ಟೆ ಹಿಡಿದುಕೊಂಡು ಅದರ ಪಕ್ಕದಲ್ಲೇ ನಿಂತಿದ್ದಳು. ಪ್ರಜ್ವಲ ಕಂಬದ ಹಿಂದೆ ಅಳುತ್ತಿದ್ದ.

"ಅಂವ ಸರಿಯಾಗೇ ಬರ್ದಾನೆ ಅಕ್ಕೋರೆ, ಅವನ್ನ ಬೈಬ್ಯಾಡ್ರಿ" ಎಂದಳು ಭೂಮಿಕಾ. "ಆದ್ರೆ ನಮ್ಮವ್ವಂಗೆ ಬೇರೆ ಹೇಳ್ಯಾರೆ. ಅಪ್ಪಂದು ಕಾಲು ಮುರ್ದೈತಿ, ಶಿವಮೊಗ್ಗದ ಆಸ್ಪತ್ರೇಲಿ ಅದಾನೆ ಅಂತ. ಎರಡೂ ಕೇಳಿದ್ದೇ. ಎರಡ್ರಾಗೆ ಯಾವ್ದು ಖರೆ?"

"ನಂಗೊತ್ತಿಲ್ಲಮ್ಮ" ಎಂದೆ. ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೆಡ್ಮಾಸ್ಟರು ನನ್ನನ್ನು ಒಳಗೆ ಕರೆದರು. ಬೆಳಗಿನ ಜಾವ ಟ್ರ್ಯಾಕ್ಟರು ಕಾಲುವೆಗೆ ಉರುಳಿ ಹಾಲೇಶಪ್ಪ ಮಷಿನ್ನಿನ ಕೆಳಗೆ ಸಿಕ್ಕಿಕೊಂಡಿದ್ದ. ಪ್ರಜ್ವಲನ ಅಪ್ಪ ಮತ್ತು ಊರಿನ ಕೆಲವರು ಟೆಂಪೋ ಮಾಡಿಕೊಂಡು ಹೋಗಿದ್ದರು. "ಹೆಣ ಊರಿಗೆ ಬರೋತನಕ ಮನೇರಿಗೆ ಹೇಳೋದು ಬ್ಯಾಡ ಅಂದಾರ್ರಿ ಹಿರೇರು. ಅದಕ್ಕೇ ಹುಡುಗೀನ ಶಾಲಿಗೆ ಕಳ್ಸ್ಯಾರೆ, ಇಲ್ಲಿದ್ರೆ ಕಿವಿಗೆ ಬೀಳಂಗಿಲ್ಲ ಅಂತ" ಎಂದರು. ನಮ್ಮ ಕಡೆ ಹಾಗೆಯೇ. ಹೆಣ ಬಂದಮೇಲೆ ಅಳುವುದು ಇದ್ದೇ ಇದೆ, ಅಲ್ಲಿಯವರೆಗೆ ಒಂದು ತುತ್ತಾದರೂ ಒಳಗೆ ಹೋಗಲಿ ಎಂದು ಕಾಲು ಮುರಿದಿದೆ ಎನ್ನುತ್ತಾರೆ. ಊರಿಗೆ ಊರೇ ಕೂಡಿ ಆಡುವ ಆ ಸುಳ್ಳಿನಲ್ಲಿ ಕರುಣೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಮನೆಮನೆಗೂ ಹೇಳಿ ಬಾಯಿ ಮುಚ್ಚಿಸಿದ್ದ ಹಿರಿಯರಿಗೆ ಶಾಲೆಯಲ್ಲಿ ಒಂದು ಹಲಗೆ ಇದೆ ಎನ್ನುವುದು ಮಾತ್ರ ನೆನಪಾಗಿರಲಿಲ್ಲ.

ಮಧ್ಯಾಹ್ನ ಟೆಂಪೋ ಬಂತು. ನಾನೂ ಹೋಗಿದ್ದೆ. ಅವರ ಜನರಲ್ಲಿ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಬಂದವರಿಗೆಲ್ಲ ಮುಖ ಕಾಣುವ ಹಾಗೆ ಇಡುವುದು ವಾಡಿಕೆ. ಹಾಲೇಶಪ್ಪನನ್ನು ಹಾಗೆ ಕೂರಿಸುವಂತಿರಲಿಲ್ಲ. ಬಿಳಿ ಬಟ್ಟೆಯ ಗಂಟನ್ನು ಬಿಚ್ಚುವುದು ಬೇಡ ಎಂದು ಟೆಂಪೋದಲ್ಲಿ ಬಂದ ಗಂಡಸರು ಕೈ ಅಡ್ಡ ಹಿಡಿದರು. ಅವನ ಹೆಂಡತಿ ಸರೋಜಮ್ಮ ಆ ಬಟ್ಟೆಯ ಮೇಲೇ ಬಿದ್ದು ಹೊರಳಾಡಿದಳು. ಭೂಮಿಕಾಳನ್ನು ಹೆಂಗಸರು ಒಳಮನೆಯಲ್ಲಿ ಹಿಡಿದು ಕೂರಿಸಿದ್ದರು. ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಮಣ್ಣು ಮಾಡಿಬಂದರು. ಅವತ್ತಿಡೀ ಊರಿನ ತುಂಬ ನೆನೆದ ಜೋಳದ ವಾಸನೆ, ತಿರುವಿ ಹಾಕುವವರು ಒಬ್ಬರೂ ಇರಲಿಲ್ಲ.

ತಿಂಗಳಾದರೂ ಭೂಮಿಕಾ ಶಾಲೆಗೆ ಬರಲಿಲ್ಲ. ಬರುತ್ತಿದ್ದಳು, ಆದರೆ ಗೇಟಿನವರೆಗೆ. ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ಬಂದು ಎದುರಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು, ಹತ್ತರ ಬಸ್ಸು ಹೋದಮೇಲೆ ಮನೆಗೆ ನಡೆಯುತ್ತಿದ್ದಳು. ಮಕ್ಕಳು ಬಂದು ನನಗೆ ಹಾಗೆ ಹೇಳಿದರು. ನಾನು ಸರೋಜಮ್ಮನ ಮನೆಗೆ ಹೋದೆ.

"ಹೇಳಿ ಹೇಳಿ ಸಾಕಾತ್ರಿ ಅಕ್ಕೋರೆ. ಪೇಪರ್ನಾಗೆ ಬಂದಿದ್ದು ತೋರ್ಸಿದ್ರೆ ಇದು ಕೇಳಿದ್ದು ಅಂತಾಳೆ. ನಿಮ್ಮಪ್ಪ ಇಲ್ಲವ್ವ ಅಂದ್ರೆ, ನೀ ಮುಖ ಕಂಡ್ಯಾ ಅಂತ ನನ್ನೇ ಕೇಳ್ತಾಳೆ. ನಾ ಎಲ್ಲಿ ಕಂಡೇನ್ರಿ?" ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬ್ಯಾಡಗಿಲಿ ನಮ್ಮಕ್ಕ ಅದಾಳೆ. ಅಲ್ಲಿಗೆ ಕಳಿಸಿಬಿಡ್ತೀನ್ರಿ. ನಾಕು ಮಂದಿ ಜೊತಿ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಇದ್ರೆ ಮರೀತಾಳೆ."

ಬ್ಯಾಡಗಿಗೆ ಹೋದ ಮಗು ಮತ್ತೆ ಶಾಲೆಗೆ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಪರೀಕ್ಷೆಯ ತನಕ ನನ್ನ ಕೈಯಲ್ಲಿ ಬಿಡಿ, ಆಮೇಲೆ ನಿಮ್ಮಿಷ್ಟ ಎಂದು ಕೇಳಿಕೊಂಡೆ.

ಮರುದಿನ ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಕೂತೆ. ಬಸ್ಸು ಆಗಲೇ ಹೋಗಿಯಾಗಿತ್ತು. ಏನು ಮಾತು ತೆಗೆಯುವುದೋ ತಿಳಿಯದೆ ಕೊನೆಗೆ ಪಾಠವನ್ನೇ ತೆಗೆದೆ. ಕೆರೆ ಏರಿಯ ಕಲ್ಲು ನೆನಪಿದೆಯಾ, ಆ ಮನುಷ್ಯ ಸತ್ತದ್ದನ್ನು ಈಗ ಇರುವವರು ಯಾರೂ ಕಂಡಿಲ್ಲ, ಆದರೂ ನಾವು ನಂಬುತ್ತೇವೆ, ಕೇಳಿದ್ದರಲ್ಲೂ ಖರೆ ಇರುತ್ತದೆ ಎಂದೆ. ಅವಳು ಜಡೆಯ ತುದಿ ಹಿಡಿದುಕೊಂಡು ಕೇಳಿಸಿಕೊಂಡಳು.

"ಕಲ್ಲು ನಿಲ್ಸಿದೋರು ಕಂಡಿರ್ತಾರಲ್ರಿ ಅಕ್ಕೋರೆ."

"ಕಂಡಿರ್ತಾರೆ."

"ಕಂಡಿದ್ದಕ್ಕೇ ಕೆತ್ಸ್ಯಾರೆ. ನಮ್ಮನ್ಯಾಗೆ ಯಾರೂ ಕಂಡಿಲ್ಲ. ಪ್ರಜ್ವಲನ ಅಪ್ಪ ಕಂಡಾನಂತೆ. ನಾ ಹೋಗಿ ಕೇಳಿದ್ರೆ ಮುಖ ಆ ಕಡೆ ತಿರುಗಿಸ್ತಾನೆ, ಹೇಳಂಗಿಲ್ಲ." ಜಡೆಯ ತುದಿಯನ್ನು ಕೈಬಿಟ್ಟಳು. "ನಾ ಕಿಟಕ್ಯಾಗೆ ಕಂಡಿದ್ದು ಬಿಳೀ ಬಟ್ಟೆ ಅಷ್ಟೇ. ಅದನ್ನ ಬೇಕಾದ್ರೆ ಎಡಕ್ಕೆ ಬರೀತೀನಿ."

"ಬಸ್ ನೋಡ್ಕೊಂಡೇ ಬಾ. ಬಸ್ ಹೋದ ಮೇಲೆ ಇತಿಹಾಸದ ಪಾಠ ಇಟ್ಕೊಳ್ಳೋಣ" ಎಂದೆ. ಅವತ್ತೇ ವೇಳಾಪಟ್ಟಿ ಬದಲಾಯಿಸಿ ನನ್ನ ತರಗತಿಯನ್ನು ಮೊದಲ ಪೀರಿಯಡ್ಡಿನಿಂದ ಎರಡನೆಯದಕ್ಕೆ ಹಾಕಿಕೊಂಡೆ. ಗಣಿತದ ಮೇಷ್ಟ್ರು ಮುಖ ಗಂಟು ಹಾಕಿದರು. ಹೆಡ್ಮಾಸ್ಟರು ಏನೂ ಕೇಳದೆ ಸಹಿ ಮಾಡಿದರು.

ಹಾಗೆ ಭೂಮಿಕಾ ಮತ್ತೆ ಒಳಗೆ ಬಂದಳು. ಬಸ್ಸು ಹೊರಟ ಸದ್ದು ಕೇಳಿದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಪಾಠ ಕೇಳುತ್ತಿದ್ದಳು, ಪ್ರಶ್ನೆ ಕೇಳುತ್ತಿರಲಿಲ್ಲ. ಹಲಗೆಯ ಕಡೆ ಹೋಗುತ್ತಿರಲಿಲ್ಲ. ಪ್ರಜ್ವಲನೂ ಆಮೇಲೆ ಅದರಲ್ಲಿ ಒಂದಕ್ಷರ ಬರೆಯಲಿಲ್ಲ. ಉಳಿದ ಮಕ್ಕಳು ಹೆದರುತ್ತ ಹೆದರುತ್ತ ಮಳೆ, ಬೆಳೆ, ಆನವಟ್ಟಿ ಸಂತೆಯ ಟೊಮೆಟೊ ದರ ಬರೆದರು. ಅದನ್ನು ತೆಗೆದುಹಾಕಿಬಿಡಲೇ ಎಂದು ನಾನು ಎಷ್ಟೋ ಸಲ ಯೋಚಿಸಿದೆ. ತೆಗೆದರೆ ಪ್ರಜ್ವಲ ಮಾಡಿದ್ದು ತಪ್ಪೆಂದು ಹೇಳಿದ ಹಾಗಾಗುತ್ತಿತ್ತು. ಹಾಗೇ ಬಿಟ್ಟೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಆನವಟ್ಟಿಯಲ್ಲಿ ಶಿಕ್ಷಕರ ಸಭೆಯೊಂದಿತ್ತು. ಹಿಂದಿನ ಸಂಜೆ ಅಲ್ಲಿ ಗೆಳತಿಯ ಮನೆಯಲ್ಲಿ ಉಳಿದಿದ್ದೆ. ಹೋಗಿ ನೋಡಿದರೆ ಸಭೆ ಮುಂದಕ್ಕೆ ಹೋಗಿದೆ. ಶಾಲೆಗಾದರೂ ಹೋಗೋಣ ಎಂದು ಸಿಕ್ಕಿದ ಬಸ್ಸು ಹತ್ತಿದೆ. ಅದು ಯಾವ ಬಸ್ಸು ಎಂದು ನಾನು ಯೋಚಿಸಿಯೇ ಇರಲಿಲ್ಲ. ಊರು ಹತ್ತಿರ ಬಂದಾಗ ಇಳಿಯಲು ಎದ್ದು ಬಾಗಿಲಿಗೆ ಬಂದೆ. ಗಾಜಿನಾಚೆ ಕಲ್ಲುಬೆಂಚಿನಿಂದ ಭೂಮಿಕಾ ಎದ್ದು ನಿಲ್ಲುತ್ತಿದ್ದಳು. ಲಂಗ ಸರಿಮಾಡಿಕೊಂಡಳು, ಎರಡೂ ಜಡೆಗಳನ್ನು ಮುಂದಕ್ಕೆ ಹಾಕಿಕೊಂಡಳು. ಮುಖದಲ್ಲಿ ನಗು ಬಂದೇಬಿಟ್ಟಿತ್ತು. ಆ ನಗುವನ್ನು ನಾನು ಮೊದಲು ಗೇಟಿನ ಹತ್ತಿರ ಹಾಲೇಶಪ್ಪ ನಿಂತಿರುವಾಗ ನೋಡಿದ್ದೆ. ಬಾಗಿಲು ತೆರೆಯಿತು. ಇಳಿದವಳು ನಾನೊಬ್ಬಳೇ.

ಅವಳ ಕಣ್ಣು ನನ್ನ ಮೇಲೆ ನಿಂತು, ನನ್ನನ್ನು ದಾಟಿ ಖಾಲಿ ಮೆಟ್ಟಿಲಿಗೆ ಹೋಗಿ, ಮತ್ತೆ ನನ್ನ ಮೇಲೆ ಬಂತು. "ನೀವಾ ಅಕ್ಕೋರೆ" ಎಂದಳು. ನನ್ನ ಚೀಲ ಇಸಿದುಕೊಂಡು ಮುಂದೆ ಮುಂದೆ ನಡೆದಳು. ಅವಳು ಕಾಯುತ್ತಾಳೆ ಎಂದು ಅಲ್ಲಿಯವರೆಗೆ ನಾನು ಕೇಳಿದ್ದೆ. ಬಸ್ಸು ಹೋದಮೇಲಿನ ಭೂಮಿಕಾಳನ್ನು ಕಂಡಿದ್ದೆ. ಬಸ್ಸು ಬರುವಾಗಿನ ಭೂಮಿಕಾಳನ್ನು ಅವತ್ತೇ ಮೊದಲು ಕಂಡದ್ದು. ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಅತ್ತೆ.

ಮಾರ್ಚ್ ಬಂತು. ಪರೀಕ್ಷೆ ಚೆನ್ನಾಗಿ ಬರೆದಳು. ನಮ್ಮ ಶಾಲೆ ಏಳಕ್ಕೇ ಮುಗಿಯುತ್ತದೆ, ಎಂಟಕ್ಕೆ ಆನವಟ್ಟಿಗೆ ಹೋಗಬೇಕು. ನಾನೇ ಓಡಾಡಿ ಅಲ್ಲಿ ಹಾಸ್ಟೆಲ್ಲಿಗೂ ವಿಚಾರಿಸಿದೆ, ಬೇಡ, ದಿನಾ ಬಸ್ಸಿಗೆ ಹೋಗಿಬರಲಿ ಎಂದು ಸರೋಜಮ್ಮ ಒಪ್ಪಿದಳು. ಭೂಮಿಕಾ ಒಪ್ಪಲಿಲ್ಲ. ಬ್ಯಾಡಗಿಗೂ ಇಲ್ಲ, ಆನವಟ್ಟಿಗೂ ಇಲ್ಲ ಎಂದು ಕೂತಳು. ಕೊನೆಯ ದಿನ ಎಲ್ಲರೂ ಹೋದಮೇಲೆ ಒಬ್ಬಳೇ ಜಗಲಿಯಲ್ಲಿ ನಿಂತಿದ್ದಳು. ನವೆಂಬರಿನಿಂದ ಮುಟ್ಟದ ಸೀಮೆಸುಣ್ಣ ಕೈಯಲ್ಲಿತ್ತು. ಎಡಗಡೆ, ಕಂಡದ್ದು ಎನ್ನುವುದರ ಕೆಳಗೆ ಬರೆದಿದ್ದಳು. ಇವತ್ತು ಹತ್ತರ ಬಸ್ಸಿಗೆ ಅಪ್ಪ ಬರಲಿಲ್ಲ.

"ಆನವಟ್ಟಿಗೆ ಯಾಕೆ ಒಲ್ಲೆ ಅಂತೀಯ?" ಎಂದೆ, ಆದಷ್ಟು ಮೆತ್ತಗೆ.

"ಅಲ್ಲಿಗೆ ಬೆಳಿಗ್ಗೆ ಎಂಟೂವರೆ ಬಸ್ಸಿಗೇ ಹೋಗ್ಬೇಕಲ್ರಿ." ಹಲಗೆಯ ಕಡೆಯೇ ಮುಖ ಮಾಡಿ ಹೇಳಿದಳು. "ಹತ್ತರ ಬಸ್ ಯಾರು ನೋಡ್ತಾರೆ ಅಕ್ಕೋರೆ?"

ಅವನು ಬರುವುದಿಲ್ಲಮ್ಮ ಎಂದು ಹೇಳಬೇಕಾಗಿತ್ತೋ ಏನೋ. ತಿಳಿದವರು ಹಾಗೇ ಹೇಳುತ್ತಿದ್ದರೇನೋ. ನನ್ನ ಬಾಯಿಂದ ಬಂದದ್ದು ಬೇರೆ.

"ನಾನು ನೋಡ್ತೀನಿ" ಎಂದೆ.

ಅವಳು ತಿರುಗಿ ನನ್ನ ಮುಖವನ್ನು ಪರೀಕ್ಷೆ ಮಾಡಿದಳು. "ದಿನಾ?"

"ದಿನಾ. ನಾನೇ ಕಣ್ಣಾರೆ ನೋಡಿ ಹೇಳ್ತೀನಿ. ಬೇರೆಯವರಿಂದ ಕೇಳಿ ಹೇಳಲ್ಲ."

ಜೂನಿನಿಂದ ಅವಳು ಆನವಟ್ಟಿಗೆ ಹೋದಳು. ಮೊದಲ ಪೀರಿಯಡ್ಡಿನಲ್ಲಿ ಪಾಠ ಇಟ್ಟುಕೊಳ್ಳದೆ ನಾನು ಗೇಟಿಗೆ ಬಂದು ಹತ್ತರ ಬಸ್ಸು ನೋಡಿದೆ. ಸಂಜೆ ಅವಳು ಬಸ್ಸಿನಿಂದ ಇಳಿಯುವ ಹೊತ್ತಿಗೆ ನಾನು ಶಿಕಾರಿಪುರದ ಬಸ್ಸಿಗೆ ಅದೇ ಸ್ಟಾಪಿನಲ್ಲಿ ನಿಂತಿರುತ್ತಿದ್ದೆ. "ಯಾರ್ಯಾರು ಇಳಿದ್ರು ಅಕ್ಕೋರೆ?" ಎಂದು ಕೇಳುವಳು. ಪೋಸ್ಟ್‌ಮ್ಯಾನು, ನಿಮ್ಮೂರ ಅಂಗಡಿಯವರು, ಕೋಳಿ ಹಿಡಿದುಕೊಂಡಿದ್ದ ಯಾರೋ ಅಜ್ಜಿ ಎಂದು ನಾನು ಕಂಡದ್ದನ್ನು ಒಂದೂ ಬಿಡದೆ ಒಪ್ಪಿಸುವೆನು. ಅವಳು ತಲೆಯಾಡಿಸಿ ಮನೆಗೆ ಹೋಗುವಳು. ಮಳೆಗಾಲವೆಲ್ಲ ಹೀಗೇ ಕಳೆಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಸಂಜೆ ಬಸ್ಸಿನಿಂದ ಗೆಳತಿಯರ ಜೊತೆ ಏನೋ ನಗುತ್ತ ಇಳಿದವಳು, "ನಾಳೆ ಟೆಸ್ಟ್ ಐತ್ರಿ ಅಕ್ಕೋರೆ" ಎಂದು ಹೇಳಿ ಹೋಗಿಬಿಟ್ಟಳು. ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಅದು ಒಳ್ಳೆಯದೇ ಆಯಿತು ಎಂದು ನನಗೆ ಗೊತ್ತಿತ್ತು. ಆದರೂ ಬೆಳಿಗ್ಗೆಯಿಂದ ನೆನಪಿಟ್ಟುಕೊಂಡಿದ್ದ ಹೆಸರುಗಳೆಲ್ಲ ನನ್ನ ಬಾಯಲ್ಲೇ ಉಳಿದವು. ಮರುದಿನವೂ ನಾನು ಗೇಟಿಗೆ ಹೋದೆ, ವರ್ಗವಾಗುವವರೆಗೂ ಹೋದೆ.

ಭೂಮಿಕಾ ಈಗ ಸೊರಬದಲ್ಲಿ ಕಾಲೇಜು ಓದುತ್ತಿದ್ದಾಳೆ ಎಂದು ಯಾರೋ ಹೇಳಿದರು. ಅದು ನಾನು ಕೇಳಿದ್ದು.

ಮೆಕ್ಕೆಜೋಳ ದಾಟಿ ಬಸ್ಸು ಆ ಊರಿಗೆ ಬಂತು. ವಾಚು ನೋಡಿಕೊಂಡೆ, ಹತ್ತು ಕಳೆದು ಬಹಳ ಹೊತ್ತಾಗಿತ್ತು. ಅದೇ ಬಸ್ಸು. ಕಲ್ಲುಬೆಂಚು ಖಾಲಿಯಿತ್ತು, ಶಾಲೆಯ ಗೇಟಿನಲ್ಲಿ ಯಾರೂ ನಿಂತಿರಲಿಲ್ಲ. ಬಾಗಿಲು ತೆರೆಯಿತು. ಪಕ್ಕದ ಹೆಂಗಸು, "ಈಗ ಆರಾಮಾತೇನ್ರಿ?" ಎಂದು ಕೇಳಿದಳು. ನಾನು ಕಿಟಕಿಯಿಂದ ತಲೆ ಹೊರಹಾಕಿದೆ. ಮಗು ಎತ್ತಿಕೊಂಡ ಹೆಂಗಸು ಇಳಿದಳು. ಗೊಬ್ಬರದ ಚೀಲ ಹೊತ್ತ ಮುದುಕರೊಬ್ಬರು ಇಳಿದರು. ಕಾಲೇಜಿನ ಹುಡುಗರು ಇಳಿದರು. ಕೊನೆಯಲ್ಲಿ ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಗಂಡಸು, ಮೈಮೇಲೆಲ್ಲ ಜೋಳದ ಹೊಟ್ಟು, ಕೈಯಲ್ಲಿ ಏನೋ ಪೊಟ್ಟಣ. ಅವನು ರಸ್ತೆ ದಾಟಿ ಆಚೆ ತಿರುಗುವವರೆಗೂ ನೋಡಿದೆ. ಹಾಲೇಶಪ್ಪ ಅಲ್ಲ.